ಚಪ್ಪಲಿಯ ಕಪ್ಪೆ

ಹಳೆಯ ಹವಾಯಿ ಚಪ್ಪಲಿ ಬಿಸಾಡುವ ಮುಂಚೆ ನಮ್ಮ ಬೀದಿಯವರು ನನ್ನ ಅಂಗಡಿಗೆ ಬಂದು, ಬೇಕಾ ಎಂದು ಕೇಳಿ ಹೋಗುತ್ತಾರೆ. ಬೇಕು ಎಂದು ಇಸಿದುಕೊಳ್ಳುತ್ತೇನೆ. ಪಂಚರ್ ಅಂಗಡಿಯ ದಾಸಪ್ಪನಿಗೆ ಒಂಟಿ ಚಪ್ಪಲಿ ಯಾಕೆ ಎಂದು ಶೆಟ್ಟಿಹಳ್ಳಿಯ ಜನ ಬಹಳ ವರ್ಷ ತಲೆ ಕೆಡಿಸಿಕೊಂಡರು. ಕೊನೆಗೆ ನನಗೆ ಏನೋ ಒಂದು ಹುಚ್ಚು ಎಂದು ತೀರ್ಮಾನಿಸಿ ಸುಮ್ಮನಾದರು. ಹುಚ್ಚು ನನ್ನದಲ್ಲ, ಪಂಚಪ್ಪನವರದ್ದು. ಹೆಸರು ಕೆಟ್ಟಿದ್ದು ಮಾತ್ರ ನನ್ನದು.

ಪಂಚಪ್ಪನವರು ಬಾಗಲಕೋಟೆ ಕಡೆಯವರು. ಮೂವತ್ತೈದು ವರ್ಷದ ಹಿಂದೆ ಜಾಲಹಳ್ಳಿಯ ಒಂದು ಫ್ಯಾಕ್ಟರಿಗೆ ಲೇತ್ ಕೆಲಸಕ್ಕೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ. ಮನೆಯಲ್ಲಿ ಮೊಟ್ಟೆಯೂ ಇಲ್ಲ, ಮೊಟ್ಟೆಯ ಮಾತೂ ಇಲ್ಲ. ಇಂಥವರಿಗೆ ಗಾಳ ಹಾಕುವ ಚಟ ಹತ್ತಿಸಿದವನು ಅವರ ಜೊತೆ ಕೆಲಸ ಮಾಡುತ್ತಿದ್ದ ಮಂಜೂರ್. ಊರಿಗೆ ಹೊಸಬರಾದ ಪಂಚಪ್ಪನವರನ್ನು ಒಂದು ಭಾನುವಾರ ಕೆರೆಗೆ ಕರೆದುಕೊಂಡು ಹೋದ ಮಂಜೂರ್, ನಮಾಜು ಮುಗಿಸಿ ಬರ್ತೀನಿ, ಅಲ್ಲೀವರೆಗೆ ಈ ಕೋಲು ಹಿಡಿದುಕೊಂಡಿರಿ ಎಂದು ಕೈಗೆ ಕೊಟ್ಟನಂತೆ. ಅವನು ಹೋಗಿ ಬರುವಷ್ಟರಲ್ಲಿ ಮೀನು ಎಳೆದಿತ್ತು. ಆಗ ಕೈಯಿಂದ ಭುಜದವರೆಗೆ ಹರಿದು ಬಂದ ಆ ಎಳೆತವನ್ನು ಪಂಚಪ್ಪನವರು ಇವತ್ತಿಗೂ ಎಡಗೈಯಿಂದ ಬಲಗೈ ಮುಟ್ಟಿ ತೋರಿಸುತ್ತಾರೆ.

ಮಂಜೂರ್ ನಿವೃತ್ತಿಯಾಗಿ ಮಗಳ ಮನೆಗೆಂದು ತುಮಕೂರಿಗೆ ಹೋಗುವಾಗ ತನ್ನ ಕೋಲು, ರೀಲು ಎಲ್ಲ ಇವರಿಗೆ ಕೊಟ್ಟು ಹೋದ. ಅದನ್ನು ಮನೆಗೆ ಒಯ್ಯುವ ಹಾಗಿಲ್ಲವಲ್ಲ, ನನ್ನ ಅಂಗಡಿಯ ಅಟ್ಟಕ್ಕೆ ಬಂತು. ಹಿಂದೆಯೇ ಪಂಚಪ್ಪನವರೂ ಬಂದರು. ಭಾನುವಾರ ಬೆಳಗ್ಗೆ ಹೆಂಡತಿ ಗಂಗಾದೇವಿಯವರಿಗೆ 'ಕೆರೀ ಕಡೆ ಹೋಗಿ ಬರ್ತೀನಿ' ಎಂದು ಹೇಳಿ ಹೊರಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆರೆಯ ಹತ್ತಿರ ಏನು ಮಾಡುತ್ತೀರಿ ಎಂದು ಆಕೆ ಕೇಳಲಿಲ್ಲ, ಇವರು ಹೇಳಲಿಲ್ಲ. ವಾಪಸ್ ಬರುವಾಗ ನನ್ನ ಅಂಗಡಿಯ ನಲ್ಲಿಯಲ್ಲಿ ನಿಂಬೆಹಣ್ಣು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು.

ಇವರಿಗೆ ಬೇಕಾದದ್ದು ಕಾಟ್ಲಾ ಅಲ್ಲ, ಜಿಲೇಬಿ ಮೀನಲ್ಲ. ಕೊರಮೀನು. ಹಾವಿನಂಥ ತಲೆ, ಬಾಯಿತುಂಬ ಹಲ್ಲು. ನೀರೊಳಗಿನ ಗಾಳಿ ಸಾಲದೆ ಆಗಾಗ ಮೇಲೆ ಬಂದು ಒಂದು ಗುಟುಕು ಉಸಿರು ಎಳೆದುಕೊಂಡು ಹೋಗುತ್ತದೆ. ಎರೆಹುಳುವಿಗೆಲ್ಲ ಬೀಳುವ ಜಾತಿ ಅಲ್ಲ, ಅದಕ್ಕೆ ಕಪ್ಪೆ ಬೇಕು. ದಸರೆ ಕಳೆದು ಕೆರೆಯ ನೀರು ತಿಳಿಯಾದ ಮೇಲೆ ಕಾರ್ತಿಕ ಮುಗಿಯುವವರೆಗೆ ಅದರ ಹಸಿವಿನ ಕಾಲ. ಜೀವಂತ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಲು ಪಂಚಪ್ಪನವರಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಚಪ್ಪಲಿಯಲ್ಲಿ ಕಪ್ಪೆ ಮಾಡುತ್ತಾರೆ. ಹಿಮ್ಮಡಿಯ ಜಾಗದ ದಪ್ಪ ರಬ್ಬರನ್ನು ಕೊಯ್ದು, ಹೊಟ್ಟೆ ದುಂಡಗೆ ಕೆತ್ತಿ, ಬೆನ್ನು ಇಳಿಜಾರು ಮಾಡಿ, ನನ್ನ ಅಂಗಡಿಯ ಹಳೇ ಟ್ಯೂಬಿನಿಂದ ಕಾಲು ಕಟ್ಟುತ್ತಾರೆ. ಅರ್ಧ ಎಂಎಂ ಹೆಚ್ಚುಕಡಿಮೆಯಾದರೂ ಅದನ್ನು ಪಕ್ಕಕ್ಕೆಸೆದು ಇನ್ನೊಂದು ಚಪ್ಪಲಿ ಕೇಳುತ್ತಾರೆ. ಮೂವತ್ತು ವರ್ಷ ಲೇತಿನ ಮುಂದೆ ನಿಂತವರ ಜೊತೆ ಈ ವಿಷಯದಲ್ಲಿ ವಾದ ಮಾಡಿ ಉಪಯೋಗವಿಲ್ಲ.

ನನಗೂ ಅವರಿಗೂ ಜಗಳವಿದ್ದದ್ದು ಒಂದೇ ಕಾರಣಕ್ಕೆ. ಹಿಡಿದ ಮೀನನ್ನು ಅವರು ಬಿಟ್ಟುಬಿಡುತ್ತಿದ್ದರು. ನಾವು ಗೌಡರ ಪೈಕಿ, ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ಮಾಡುವ ಕೊರಮೀನಿನ ಸಾರು ಮೂರು ಬೀದಿಗೆ ಘಮ್ಮೆನ್ನುತ್ತದೆ. ಮೂರು ಕೆಜಿಯ ಮೀನನ್ನು ನನ್ನ ಕಣ್ಣೆದುರೇ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ನೀರಿಗೆ ಬಿಟ್ಟರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಎಷ್ಟೋ ಸಲ ಮುನಿಸಿಕೊಂಡು, ಮುಂದಿನ ವಾರದಿಂದ ನೀವೇ ನಡೆದುಕೊಂಡು ಹೋಗಿ ಎಂದು ಹೇಳಿದ್ದೇನೆ. ಮುಂದಿನ ವಾರ ಮತ್ತೆ ನಾನೇ ಸ್ಕೂಟರ್ ತೆಗೆಯುತ್ತಿದ್ದೆ. ಆ ಮನುಷ್ಯನ ಪಕ್ಕ ಕೂತು ನೀರು ನೋಡುವುದು ನನಗೆ ಅಷ್ಟು ಇಷ್ಟವಾಗಿತ್ತು.

ನಾವು ಹೋಗುತ್ತಿದ್ದದ್ದು ಗುಂಡಯ್ಯನ ಕೆರೆಗೆ. ಅಲ್ಲೊಂದು ದೊಡ್ಡ ಹೆಣ್ಣು ಕೊರಮೀನು ಇತ್ತು. ಮೊದಲ ಸಲ ಸಿಕ್ಕಿದಾಗ ಗಾಳ ಬಿಡಿಸುವಾಗ ಎಡಗಡೆಯ ಕೆಳದುಟಿ ಸೀಳಿ, ಅಲ್ಲಿದ್ದ ಎರಡು ಹಲ್ಲೂ ಹೋಗಿದ್ದವು. ಆ ಗುರುತಿನಿಂದ ಪಂಚಪ್ಪನವರು ಅದನ್ನು ಕಂಡುಹಿಡಿಯುತ್ತಿದ್ದರು. ಆರು ವರ್ಷದಲ್ಲಿ ಐದು ಸಲ ಹಿಡಿದು ಐದು ಸಲ ಬಿಟ್ಟರು. 'ಆಕಿ' ಎಂದೇ ಕರೆಯುತ್ತಿದ್ದರು. ಇವತ್ತು ಆಕಿ ಆರಾಮ ಇಲ್ಲ, ಇವತ್ತು ಆಕಿ ಸಿಟ್ಟಿನ್ಯಾಗ ಅದಾಳ ಎಂದು ಬೀಗತಿಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು.

ಹೋದ ವರ್ಷ ಕಾರ್ತಿಕದಲ್ಲಿ ಕೆರೆಯ ಮೀನಿನ ಟೆಂಡರು ಹಿಡಿದಿದ್ದ ಆಂಜಿನಪ್ಪ ನನ್ನ ಅಂಗಡಿಗೆ ಗಾಳಿ ಹಾಕಿಸಲು ಬಂದವನು ಒಂದು ಮಾತು ಹೇಳಿದ. ಹೂಳು ತೆಗೆಯಬೇಕಂತೆ, ತೂಬು ಎತ್ತಿದ್ದಾರೆ, ಸೋಮವಾರ ಬೆಳಗ್ಗೆ ಬಲೆ ಎಳೆದು ಇರುವ ಮೀನೆಲ್ಲ ಮಾರ್ಕೆಟ್ಟಿಗೆ. ಅಷ್ಟರೊಳಗೆ ನೀವು ಗಾಳದಲ್ಲಿ ಹಿಡಿದಷ್ಟು ನಿಮ್ಮದು ಎಂದು ದೊಡ್ಡ ಮನಸ್ಸೂ ಮಾಡಿದ. ನಾನು ಅದನ್ನು ಪಂಚಪ್ಪನವರಿಗೆ ಹೇಳಿದೆ. ಅವರು, ನಿಮ್ಮ ತಂಗಿಯ ಊರಿನ ಕಟ್ಟೆಯಲ್ಲಿ ನೀರು ಎಷ್ಟಿದೆ ಎಂದು ಕೇಳಿದರು. ತಂಗಿಯ ಊರು ಹೆಸರಘಟ್ಟದ ಆಚೆ. ಕಟ್ಟೆ ತುಂಬಿದೆ, ಅದಕ್ಕೆ ಟೆಂಡರಿಲ್ಲ ಬಲೆಯಿಲ್ಲ ಎಂದೆ. ಬಲೆಗೆ ಮೊದಲೇ ಆಕಿಯನ್ನು ಹಿಡಿದು ಅಲ್ಲಿ ಬಿಡಬೇಕೆಂದು ಅವರ ಮನಸ್ಸಿನಲ್ಲಿದೆ ಎಂದು ನನಗೆ ಗೊತ್ತಾಯಿತು. ಉಳಿದದ್ದು ಒಂದೇ ಭಾನುವಾರ.

ಅವತ್ತು ಬೆಳಕು ಹರಿಯುವ ಮುಂಚೆಯೇ ಕೆರೆಯಲ್ಲಿದ್ದೆವು. ನೀರು ಅರ್ಧಕ್ಕಿಳಿದು, ಅಂಚಿನ ಕೆಸರು ಹೊರಗೆ ಬಿದ್ದಿತ್ತು. ಪಂಚಪ್ಪನವರು ನೀಲಿ ಕಪ್ಪೆ ಎಸೆದರು, ಹಸಿರು ಕಪ್ಪೆ ಎಸೆದರು, ಮಧ್ಯಾಹ್ನದವರೆಗೆ ಎಸೆದೇ ಎಸೆದರು. ರೊಟ್ಟಿಯ ಗಂಟನ್ನು ಬಿಚ್ಚಲಿಲ್ಲ. ಐದು ಸಲ ಚಪ್ಪಲಿ ಕಚ್ಚಿ ಬುದ್ಧಿ ಕಲಿತ ಮೀನು ಆರನೇ ಸಲ ಯಾಕೆ ಬರುತ್ತದೆ ಎಂದು ನನಗನಿಸಿತು. ಅದನ್ನು ಹೇಳಲಿಲ್ಲ. ಅವರ ಮುಖ ನೋಡಿದರೆ ಆಸ್ಪತ್ರೆಯ ಬಾಗಿಲಲ್ಲಿ ಕೂತವರ ಹಾಗಿತ್ತು.

ಮೂರು ಗಂಟೆಗೆ ಎಸೆಯುವುದನ್ನು ನಿಲ್ಲಿಸಿದರು. ಕೂತು ನೀರನ್ನೇ ನೋಡಿದರು. ಮುಳುಗಿದ್ದ ಜಾಲಿಮರದ ಪಕ್ಕ ಒಂದು ಕಡೆ ನೀರು ಮೆಲ್ಲಗೆ ಉಬ್ಬಿ ಒಡೆಯಿತು. ಆಕೆ ಉಸಿರಿಗೆ ಬಂದದ್ದು. ಮತ್ತೆ ಸುಮಾರು ಕಾಲು ಗಂಟೆಗೆ ಅಲ್ಲೇ ಇನ್ನೊಂದು ಸಲ. ಪಂಚಪ್ಪನವರು ಕಪ್ಪೆಯನ್ನು ಅಲ್ಲಿಗೆ ಎಸೆದು ಹಾಗೇ ಬಿಟ್ಟರು, ಅಲುಗಾಡಿಸಲೇ ಇಲ್ಲ. ಮತ್ತೆ ನೀರು ಉಬ್ಬುವ ಹೊತ್ತಿಗೆ ಸರಿಯಾಗಿ ಕಿರುಬೆರಳಿನಷ್ಟು ಎಳೆದರು. ನೀರು ಸಿಡಿಯಿತು.

ದಡಕ್ಕೆ ತಂದಾಗ ಸೂರ್ಯ ಇಳಿದಿದ್ದ. ಸೀಳಿದ ತುಟಿ ಕಂಡದ್ದೇ ಪಂಚಪ್ಪನವರು ಕೆಸರಿನಲ್ಲೇ ಕೂತುಬಿಟ್ಟರು. ಒದ್ದೆ ಗೋಣಿಚೀಲದಲ್ಲಿ ಸುತ್ತಿದೆವು. ಕೊರಮೀನು ಗಟ್ಟಿ ಜೀವ, ಒದ್ದೆಯಲ್ಲಿಟ್ಟರೆ ನೀರಿನ ಹೊರಗೂ ಬಹಳ ಹೊತ್ತು ತಡೆಯುತ್ತದೆ. ಆದರೆ ಸ್ಕೂಟರ್ ತೆಗೆಯುವಷ್ಟರಲ್ಲಿ ಮಳೆ ಹಿಡಿಯಿತು. ಎಂಥ ಮಳೆಯೆಂದರೆ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಬೆಳಗ್ಗೆ ಹೋಗೋಣ, ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಪಂಚಪ್ಪನವರು ನನ್ನನ್ನು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಮ್ಮನೇಲಿ ಬಿಟ್ರೆ ಬೆಳಗ್ಗೆ ಇರ್ತಾಳೆ ಅಂತ ನಾನು ಗ್ಯಾರಂಟಿ ಕೊಡಕ್ಕಾಗಲ್ಲ, ಪಂಚಪ್ನೋರೆ. ಜ್ಯೋತಿಲಕ್ಷ್ಮಿ ಮೇಲೆ ಮಾತ್ರ ಅಲ್ಲ, ನನಗೆ ನನ್ನ ಮೇಲೂ ನಂಬಿಕೆ ಇಲ್ಲ."

ಹೀಗೆ ಕೊರಮೀನು ಪಂಚಪ್ಪನವರ ಮನೆ ಸೇರಿತು. ಗಂಗಾದೇವಿಯವರು ಟೀವಿ ನೋಡುತ್ತಿದ್ದಾಗ ಹಿಂಬಾಗಿಲಿನಿಂದ ಒಯ್ದು, ಬಚ್ಚಲುಮನೆಯ ನೀರಿನ ಡ್ರಮ್ಮಿಗೆ ಬಿಟ್ಟು, ಮುಚ್ಚಳ ಹಾಕಿ, ಮೇಲೊಂದು ಕಲ್ಲಿಟ್ಟರು. ಆಕೆ ಏಳುವುದು ಆರೂವರೆಗೆ, ನಾವು ಐದೂಕಾಲಿಗೆ ಹೊರಡುವುದು ಎಂದು ಲೆಕ್ಕ. ಆ ಲೆಕ್ಕದಲ್ಲಿ ಒಂದು ತಪ್ಪಿತ್ತು. ಮಾರನೇ ದಿನ ಕಾರ್ತಿಕ ಸೋಮವಾರ. ಕಾರ್ತಿಕ ಸೋಮವಾರ ಗಂಗಾದೇವಿಯವರು ಐದಕ್ಕೆ ಮೊದಲೇ ಎದ್ದು ತಲೆಸ್ನಾನ ಮಾಡುತ್ತಾರೆ. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಅದು ಮರೆತುಹೋಗಿತ್ತು.

ನಾನು ಹೋದಾಗ ಮುಂಬಾಗಿಲು ತೆರೆದೇ ಇತ್ತು. ಗಂಗಾದೇವಿಯವರು ಬಚ್ಚಲುಮನೆಯ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ತಂಬಿಗೆ. ಪಂಚಪ್ಪನವರು ಗೋಡೆಗೆ ಒರಗಿ ನಿಂತಿದ್ದರು. ನೀರಿಗೆ ತಂಬಿಗೆ ಹಾಕುವಾಗ ಸರಿಯಾಗಿ ಮೀನು ಉಸಿರಿಗೆಂದು ಮೇಲೆ ಬಂದು ಆಕೆಯ ಮುಖ ನೋಡಿತ್ತಂತೆ. ಆಕೆ ಕೂಗಿರಲಿಲ್ಲ, ಅತ್ತಿರಲಿಲ್ಲ. ಗಂಡನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು, ಮಂಜೂರ್‌ನಿಂದ ಹಿಡಿದು ನಿಂಬೆಹಣ್ಣಿನವರೆಗೆ. ನನ್ನನ್ನು ಕಂಡು ಕೇಳಿದ್ದು ಒಂದೇ ಪ್ರಶ್ನೆ, ಇದನ್ನು ಎಷ್ಟು ಸಲ ಹಿಡಿದಿದ್ದಾರೆ ಎಂದು. ನಾನೊಬ್ಬ ದಡ್ಡ. ನಮ್ಮವರ ಕೈಚಳಕ ಗೊತ್ತಾಗಲಿ ಎಂದು ಹೆಮ್ಮೆಯಿಂದ, ನಿನ್ನೆಯದೂ ಸೇರಿ ಆರು ಸಲ ಕಣಕ್ಕ ಎಂದುಬಿಟ್ಟೆ.

ಆಕೆ ಎದ್ದು ಡ್ರಮ್ಮಿನ ಮೇಲೆ ಬಗ್ಗಿ ಮೀನಿನ ಬಾಯಿ ನೋಡಿದರು. ಬಹಳ ಹೊತ್ತು ನೋಡಿದರು.

"ತಿನ್ನೂದಿದ್ರ ತಿನ್ರಿ, ಸಾಕೂದಿದ್ರ ಸಾಕ್ರಿ. ಆರು ಸಲ ಚುಚ್ಚೂದು, ಆರು ಸಲ ಬಿಡೂದು, ಇದೇನ್ರಿ? ಬಿಟ್ಟೆ ಅಂತ ನಿಮಗ ಪುಣ್ಯ, ಬಾಯಿ ಹರಿದದ್ದು ಆಕಿದು."

ಮೀನು ಬಿಡುವುದನ್ನೇ ತಮ್ಮ ಒಳ್ಳೆಯತನ ಎಂದು ಪಂಚಪ್ಪನವರು ಇಷ್ಟು ವರ್ಷ ನಂಬಿದ್ದರು. ನಾನೂ ಹೊಟ್ಟೆ ಉರಿದುಕೊಂಡೇ ಅದನ್ನು ನಂಬಿದ್ದೆ. ಅವರ ಮುಖ ನೋಡಲಾಗದೆ ನಾನು ಆಟೋ ತರುತ್ತೇನೆ ಎಂದು ಹೊರಗೆ ಬಂದೆ.

ಗಂಗಾದೇವಿಯವರೂ ಆಟೋದಲ್ಲಿ ಕೂತರು. ಈ ಜೀವ ನೀರು ಸೇರೂತನಕ ನಾ ಹೆಂಗ ಮೈ ತೊಳಿಯೂದು ಎಂದು ಅಷ್ಟೇ ಹೇಳಿದರು. ಗೋಣಿಚೀಲ ಪಂಚಪ್ಪನವರ ತೊಡೆಯ ಮೇಲೆ, ತಂಬಿಗೆ ಆಕೆಯ ಕೈಯಲ್ಲಿ. ಹುಟ್ಟಿದಾಗಿನಿಂದ ಮೀನು ಮುಟ್ಟದ ಹೆಂಗಸು ಹೆಸರಘಟ್ಟದವರೆಗೂ ಐದೈದು ನಿಮಿಷಕ್ಕೊಮ್ಮೆ ಅದರ ತಲೆಗೆ ನೀರು ಚಿಮುಕಿಸುತ್ತಾ ಬಂದರು. ಕಟ್ಟೆಯಲ್ಲಿ ಪಂಚಪ್ಪನವರು ಮಂಡಿಯವರೆಗೆ ಇಳಿದು ಚೀಲ ಬಿಚ್ಚಿದರು. ಮೀನು ಒಂದು ಕ್ಷಣ ಅವರ ಕಾಲಿನ ಪಕ್ಕದಲ್ಲೇ ನಿಂತು, ಆಮೇಲೆ ಆಳಕ್ಕೆ ಹೋಯಿತು. ಗಂಗಾದೇವಿಯವರು ಅದೇ ನೀರಿನಲ್ಲಿ ಮುಖ ತೊಳೆದು, ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಹಚ್ಚಿಕೊಂಡರು. ಗಂಡನ ಹಣೆಗೂ ಹಚ್ಚಿದರು.

ಆಮೇಲೆ ಒಂದು ವರ್ಷ ಕೋಲು ನನ್ನ ಅಟ್ಟದಿಂದ ಇಳಿಯಲಿಲ್ಲ. ಭಾನುವಾರ ಪಂಚಪ್ಪನವರು ಮನೆಯಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಹೆಂಡತಿ ಹೋಗಬೇಡಿ ಎಂದಿರಲಿಲ್ಲ, ಇವರೇ ಹೋಗಲಿಲ್ಲ. ಅಂಗಡಿಗೆ ಬಂದರೆ ಚಹಾ ಕುಡಿದು, ಬಲಗೈಯನ್ನು ಸುಮ್ಮನೆ ನೋಡಿಕೊಂಡು ಎದ್ದು ಹೋಗುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬರುತ್ತಿತ್ತು.

ಈ ವರ್ಷ ದಸರೆ ಕಳೆದ ಮೇಲೆ ಒಂದು ಬೆಳಗ್ಗೆ ಬಂದು ಚಪ್ಪಲಿ ಇದೆಯಾ ಎಂದು ಕೇಳಿದರು. ಅಲ್ಲೇ ಕೂತು ಕಪ್ಪೆ ಮಾಡಿದರು. ಹೊಟ್ಟೆ, ಬೆನ್ನು, ಟ್ಯೂಬಿನ ಕಾಲು, ಎಲ್ಲ ಇತ್ತು. ಗಾಳ ಮಾತ್ರ ಕಟ್ಟಲಿಲ್ಲ.

"ಗಾಳ ಇಲ್ದೆ ಅದೇನ್ ಮೀನು ಹಿಡಿಯೋದು ಪಂಚಪ್ನೋರೆ, ಇಂಗೂ ಉಂಟಾ?" ಎಂದೆ.

"ಹಿಡಿಯೂದಿಲ್ಲ್ರಿ. ಆಕಿ ಅದಾಳೋ ಇಲ್ಲೋ ಅಷ್ಟು ಗೊತ್ತಾದ್ರ ಸಾಕು."

ನಗು ಬಂತು, ಸ್ಕೂಟರನ್ನೂ ತೆಗೆದೆ. ಕಟ್ಟೆಯ ಮೇಲೆ ಎರಡು ಭಾನುವಾರ ಗಾಳವಿಲ್ಲದ ಕಪ್ಪೆ ಎಸೆಯುವ ಮುದುಕನನ್ನು ನನ್ನ ತಂಗಿಯ ಊರಿನವರು ದನ ಮೇಯಿಸುವುದು ಬಿಟ್ಟು ನೋಡಿದರು. ಮೂರನೇ ಭಾನುವಾರ ಜೊಂಡಿನ ಪಕ್ಕ ನೀರು ಒಡೆದು ಕಪ್ಪೆ ಮಾಯವಾಯಿತು. ಕೋಲು ಬಾಗಿತು. ಪಂಚಪ್ಪನವರ ಭುಜ ನಡುಗಿದ್ದನ್ನು ನಾನು ನೋಡಿದೆ. ಎರಡೋ ಮೂರೋ ಕ್ಷಣ ಅಷ್ಟೇ, ಆಮೇಲೆ ದಾರ ಸಡಿಲವಾಗಿ ಕಪ್ಪೆ ತೇಲಿ ಬಂತು. ಅದನ್ನು ಅವರು ನೋಡಲೂ ಇಲ್ಲ, ನನಗೆ ತೋರಿಸಲೂ ಇಲ್ಲ. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಮನೀಗೆ ಹೋಗೂಣು ಎಂದರು.

ಗಂಗಾದೇವಿಯವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಂಚಪ್ಪನವರು ಕರವಸ್ತ್ರ ಬಿಚ್ಚಿ ಆಕೆಯ ಮುಂದಿಟ್ಟರು. ಆಕೆ ಕನ್ನಡಕ ಹಾಕಿಕೊಂಡು ಕಪ್ಪೆಯನ್ನು ತಿರುಗಿಸಿ ನೋಡಿದರು. ಹೊಟ್ಟೆಯ ರಬ್ಬರಿನಲ್ಲಿ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಆ ಸಾಲಿನ ಮೇಲೆ ಬೆರಳಾಡಿಸುತ್ತಾ ಹೋಗಿ ಎಡಗಡೆ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಎರಡು ಹಲ್ಲಿಲ್ಲ."

"ಅದು ನಾ ಮಾಡಿದ್ದು," ಎಂದರು ಪಂಚಪ್ಪನವರು.

"ಗೊತ್ತೈತಿ. ಆದ್ರೂ ಬಂದಾಳಲ್ರಿ."

ಪಂಚಪ್ಪನವರು ಕಣ್ಣೊರೆಸಿಕೊಂಡರು. ಗಂಗಾದೇವಿಯವರು ಮಡಿಲಿನ ಕಾಳು ಮೊರಕ್ಕೆ ಸುರಿದು ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಸವೆದ ಹಸಿರು ಚಪ್ಪಲಿಯೊಂದಿತ್ತು, ಅವರದೇ. ಮುಂದಿನ ವಾರದ ಕಪ್ಪೆಗೆ ಇದಾಗುತ್ತದೆಯೇ ನೋಡಿ ಎಂದು ಅದನ್ನು ನನ್ನ ಕೈಗೆ ಕೊಟ್ಟರು.