ಸೀತಮ್ಮನವರ ಹೆಬ್ಬೆಟ್ಟು

ಅದು 1988. ನಮ್ಮ ಯಜಮಾನರಿಗೆ ಬ್ಯಾಂಕಿನಿಂದ ವಿಜಯವಾಡಕ್ಕೆ ವರ್ಗವಾಗಿ, ಅಲ್ಲಿನ ಪಟಮಟ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಮಂಗಳಗಿರಿ ಹತ್ತಿರದ ಹಳ್ಳಿಯಲ್ಲಿ ಸೀತಮ್ಮ ಎಂಬ ವಯಸ್ಸಾದ ಹೆಂಗಸು ಬರೀ ಕೊಟ್ಟಿಗೆ ಗೊಬ್ಬರ ಹಾಕಿ ಅರಿಶಿನ ಬೆಳೆಯುತ್ತಿದ್ದರು. ಅವರಿಂದ ಕೊಂಬು ತಂದು, ಗಿರಣಿಯಲ್ಲಿ ಪುಡಿ ಮಾಡಿಸಿ, ‘ರಾಸಾಯನಿಕ ಸೋಕದ ಅರಿಶಿನ’ ಎಂದು ಚೀಟಿ ಅಂಟಿಸಿ ಮನೆಯಲ್ಲೇ ಮಾರುತ್ತಿದ್ದೆ. ಅದಕ್ಕೆ ಲೈಸೆನ್ಸ್ ಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

ಒಂದು ದಿನ ಫುಡ್ ಇನ್‌ಸ್ಪೆಕ್ಟರ್ ಬಂದರು. ಪರೀಕ್ಷೆಗೆಂದು ಪುಡಿಯನ್ನು ಮೂರು ಬಾಟಲಿಗೆ ತುಂಬಿ ಅರಗಿನ ಮೊಹರು ಹಾಕಿದರು.

“ಕಲಬೆರಕೆ ಸಿಕ್ಕರೆ ಮಾರಿದವರ ಮೇಲೆ ಕೇಸಾಗುತ್ತೆ ಅಮ್ಮ. ಜೈಲೂ ಆಗಬಹುದು. ಶುದ್ಧ ಮಾಲು ಅಂತ ಕೊಟ್ಟವರು ಬರೆದುಕೊಟ್ಟಿದ್ದರೆ ತನ್ನಿ, ನೋಡೋಣ” ಎಂದರು.

ನಮ್ಮ ಯಜಮಾನರು ಹೆದರಿದರು. ಹಿಂದಿನ ತಾರೀಕು ಹಾಕಿ, ಪುಡಿ ಶುದ್ಧ, ಅದರ ಹೊಣೆ ಸೀತಮ್ಮನವರದು ಎಂದು ತೆಲುಗಿನಲ್ಲಿ ಕಾಗದ ಬರೆಸಿ, “ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ” ಎಂದರು.

ಮರುದಿನ ಬಸ್ಸಿನಲ್ಲಿ ಹೋದೆ. ಸೀತಮ್ಮ ಎಂದಿನಂತೆ, ನಮ್ಮಲ್ಲಿ ‘ತಾಯಿ’ ಅನ್ನುವ ಹಾಗೆ ‘ತಲ್ಲಿ’ ಎಂದು ಕರೆದು, ಬಿಸಿ ಅನ್ನ, ಗೋಂಗೂರ ಪಚ್ಚಡಿ ಬಡಿಸಿದರು. ಕಾಗದ ಮುಂದಿಟ್ಟು, “ಅರಿಶಿನ ಶುದ್ಧ ಅಂತ ಬರೆದಿದೆ, ಅಷ್ಟೇ ಸೀತಮ್ಮಗಾರು” ಎಂದೆ. ಅವರು ಒಂದು ಮಾತೂ ಕೇಳದೆ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡರು.

ನನ್ನಿಂದ ತಡೆಯಲಾಗಲಿಲ್ಲ. ಗಿರಣಿಯಲ್ಲಿ ಏನಾದರೂ ಬೆರೆತಿದ್ದರೂ ತಪ್ಪು ಅವರ ತಲೆಗೆ ಬರುತ್ತದೆ, ಜೈಲಿಗೂ ಹೋಗಬೇಕಾಗಬಹುದು ಎಂದು ಎಲ್ಲ ಹೇಳಿಬಿಟ್ಟೆ.

ಸೀತಮ್ಮ ಕಾಗದವನ್ನು ನನ್ನ ಕಡೆಗೇ ಸರಿಸಿ, “ನಿನ್ನ ಮಕ್ಕಳಿನ್ನೂ ಚಿಕ್ಕವರು ತಲ್ಲಿ. ತಗೊಂಡು ಹೋಗು” ಎಂದರು.

ಅಲ್ಲೇ ಅದನ್ನು ಹರಿದು ಹಾಕಿದೆ. ವಿಜಯವಾಡಕ್ಕೆ ಬಂದು, “ಪುಡಿ ಮಾಡಿಸಿದ್ದು ನಾನು, ಮಾರಿದ್ದೂ ನಾನೇ. ಹೊಣೆ ನನ್ನದು” ಎಂದು ಇನ್‌ಸ್ಪೆಕ್ಟರಿಗೆ ಹೇಳಿದೆ. ವರದಿ ಬರುವವರೆಗೆ ಯಜಮಾನರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಕಲಬೆರಕೆ ಇಲ್ಲವೆಂದು ವರದಿ ಬಂತು. ಇನ್‌ಸ್ಪೆಕ್ಟರ್ ಮೊದಲು ಲೈಸೆನ್ಸ್ ಮಾಡಿಸಲು ಹೇಳಿ, ಚೀಟಿ ತೋರಿಸಿ, “ರಾಸಾಯನಿಕ ಸೋಕಿಲ್ಲ ಅನ್ನೋದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ? ಸಾಬೀತು ಮಾಡೋಕಾಗದ್ದನ್ನು ಬರೀಬೇಡಿ” ಎಂದರು. ನನ್ನ ಹತ್ತಿರ ಇದ್ದದ್ದು ಸೀತಮ್ಮನವರ ಮಾತೊಂದೇ. ಆ ಸಾಲನ್ನು ತೆಗೆದುಬಿಟ್ಟೆ.

ಕೇಸಿನ ಭಯ ಎಂದೋ ಹೋಯಿತು. ಆದರೆ ಆಕೆಯ ಮನೆಯಲ್ಲಿ ಉಣ್ಣಲು ಕೂತು, ಆಕೆಯನ್ನೇ ಸಿಕ್ಕಿಹಾಕಿಸಲು ಹೋಗಿದ್ದೆನಲ್ಲ ಎಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಎಲ್ಲ ಗೊತ್ತಾದ ಮೇಲೂ ಆಕೆ ನನ್ನನ್ನು ‘ತಲ್ಲಿ’ ಎಂದೇ ಕರೆದಿದ್ದರು.