ಗಾವಡಗೆರೆಯ ಎಳನೀರ ಮಳೆ

ಗಾವಡಗೆರೆಯ ನೀಲಕಂಠಸ್ವಾಮಿ ಇಪ್ಪತ್ತೆರಡು ವರ್ಷಗಳಿಂದ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಊರು ಬಿಟ್ಟವರಲ್ಲ. ಅವರ ಹಿತ್ತಲ ಬಯಲಿನಲ್ಲಿ ಕೇಂದ್ರ ಸರ್ಕಾರದ ಹವಾಮಾನ ಇಲಾಖೆಯವರು ನೆಟ್ಟ ಮಳೆ ಮಾಪಕವಿದೆ. ಮೊಣಕಾಲೆತ್ತರದ ಉರುಟು ಡಬ್ಬಿ, ಮೇಲೊಂದು ಆಲಿಕೆ, ಒಳಗೊಂದು ಸೀಸೆ. ಎಂಟೂವರೆಗೆ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಎಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆದು, ಮೊಬೈಲಿನಲ್ಲಿ ಕಳಿಸಬೇಕು. ಇಷ್ಟೇ ಕೆಲಸ. ಆದರೆ ಸ್ವಾಮಿಗಳ ಗತ್ತು ನೋಡಿದವರಿಗೆ, ಮೋಡಗಳು ಇವರಲ್ಲಿ ರುಜು ಹಾಕಿಸಿಕೊಂಡೇ ಹುಣಸೂರು ದಾಟುತ್ತವೇನೋ ಅನ್ನಿಸುತ್ತಿತ್ತು.

ಮಗಳು ಭಾವನಾಳನ್ನು ಮಿರ್ಲೆಗೆ ಕೊಟ್ಟಾಗ, ಎಂಟು ಗಂಟೆಯ ಮುಹೂರ್ತವನ್ನು ಹತ್ತೂವರೆಗೆ ತಳ್ಳಿಸಿದ್ದರು. ಮದುವೆಯ ದಿನ ಅಳತೆ ಮುಗಿಸಿ, ರೇಷ್ಮೆ ಪಂಚೆಯನ್ನು ಮಡಚಿ ಕಟ್ಟಿ, ಸ್ಕೂಟರಿನಲ್ಲಿ ಛತ್ರ ತಲುಪಿದಾಗ ಬೀಗರು ಬಾಗಿಲಲ್ಲೇ ನಿಂತಿದ್ದರು. ಅಂದು ಬಿದ್ದಿದ್ದ ಮಳೆ 0.0. “ಸೊನ್ನೆ ನೋಡಕ್ಕೆ ನಮ್ಮ ಮಾವ ನನ್ನ ಎರಡೂವರೆ ಗಂಟೆ ಕಾಯ್ಸಿದ್ರು” ಎಂದು ಅಳಿಯ ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಸ್ವಾಮಿಗಳದ್ದು ಇನ್ನೊಂದು ಪದ್ಧತಿ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದು, ಬರಿಗಾಲಲ್ಲೇ ಮಾಪಕದ ಹತ್ತಿರ ಹೋಗುವುದು. ಒಂದು ಸುತ್ತು ಹಾಕಿ ಎಲೆಗಿಲೆ ಬಿದ್ದಿದೆಯೇ ನೋಡಿ, ಆಮೇಲೆ ಬಗ್ಗುವುದು. ಮಾಪಕದ ಸುತ್ತ ತಂತಿ ಬೇಲಿಯೇನೋ ಇತ್ತು. ಗೇಟು ಮಾತ್ರ ಹೆಂಡತಿ ಪುಟ್ಟಮಲ್ಲಮ್ಮನ ಸೋರೆ ಬಳ್ಳಿಗೆ ಚಪ್ಪರವಾಗಿ ಒಂದು ವರ್ಷವಾಗಿತ್ತು. ಬಿಚ್ಚಿ ಕೊಟ್ಟವರು ಸ್ವಾಮಿಗಳೇ.

ಈ ಸಲ ಶ್ರಾವಣದಲ್ಲಿ ಮಳೆ ಕೈಕೊಟ್ಟಿತು. ರಾಗಿ ಪೈರು ಗೇಣುದ್ದ ಬೆಳೆದು, ಮುಂದೇನು ಎಂದು ಕೇಳುವಂತೆ ನಿಂತುಬಿಟ್ಟಿತು. ಹೋಬಳಿಯನ್ನು ಬರದ ಪಟ್ಟಿಗೆ ಸೇರಿಸಬೇಕಾದರೆ ಮೊದಲು ಮೂರು ವಾರ ಮಳೆಯಿಲ್ಲವೆಂದು ಅಂಕಿ ಹೇಳಬೇಕು. ಬೆಳೆ ನೋಡುವುದು, ಮಣ್ಣಿನ ತೇವ ನೋಡುವುದು, ಉಪಗ್ರಹದ ಚಿತ್ರ ನೋಡುವುದು ಎಲ್ಲ ಆಮೇಲೆ ಎಂದು ಸಭೆಯಲ್ಲಿ ಹೇಳಿದ್ದರು. ಪಟ್ಟಿಗೆ ಸೇರಿದರೆ ದನಕ್ಕೆ ಮೇವು, ಬಿತ್ತಲು ಹುರುಳಿ ಬೀಜ, ಕೃಷಿಹೊಂಡದ ಹೂಳೆತ್ತುವ ಕೆಲಸ. ಹೀಗಾಗಿ ಊರಿಗೂರೇ ಸ್ವಾಮಿಗಳ ಲೋಟದ ಮೇಲೆ ಕಣ್ಣಿಟ್ಟಿತ್ತು. ಸಾಲಾಗಿ ಇಪ್ಪತ್ತು ಸೊನ್ನೆ ಬಿದ್ದವು.

ಇಪ್ಪತ್ತೊಂದನೆಯ ದಿನ ಸೋಮವಾರ. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಸ್ವಾಮಿಗಳು ಬಗ್ಗಿ ಸೀಸೆ ತೆಗೆದರು. ಭಾರವಾಗಿತ್ತು. ಲೋಟಕ್ಕೆ ಬಗ್ಗಿಸಿದರು. 14.8.

ಕಾಲ ಕೆಳಗಿನ ಮಣ್ಣು ಧೂಳಾಗಿ ಹಾರುತ್ತಿತ್ತು. ಆಲಿಕೆಯಲ್ಲಿ ಒಂದು ತುಂಬೆ ಹೂವು, ಪಕ್ಕದಲ್ಲಿ ಎಳೆಗಾಯಿ ಗಂಜಿಯ ಬಿಳಿ ಚೂರು. ಸ್ವಾಮಿಗಳು ಅತ್ತಿತ್ತ ನೋಡಿ, ಲೋಟವನ್ನೆತ್ತಿ ಒಂದು ಗುಟುಕು ಕುಡಿದರು. ಸಿಹಿ!

ಪಕ್ಕದ ಹೊಲದ ಕಾಂತರಾಜು ಬೇಲಿಯಾಚೆ ನಿಂತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ಏನ್ಲಾ ನೀಲಕಂಠ, ಅಳೆಯೋದ್ ಬುಟ್ಟು ಕುಡೀತಾ ನಿಂತಿದ್ದೀಯ?”

“ಹದಿನಾಲ್ಕೂ ಮುಕ್ಕಾಲು ಮಿಲಿಮೀಟರ್ ಕಣ್ಲಾ.”

“ನಿನ್ ಹಿತ್ಲಿಗ್ ಮಾತ್ರ ಹುಯ್ತಾ? ನಮ್ ಹೊಲ ಏನ್ ಪಾಪ ಮಾಡಿತ್ತು?”

“ಎಳ್ನೀರು ಕಣೋ. ಯಾರೋ ಉಯ್ದವ್ರೆ.”

“ಚೆಲ್ಬುಡು, ಸೊನ್ನೆ ಬರಿ. ಯಾವನ್ ಕೇಳ್ತಾನೆ?”

“ಸೀಸೆಲಿ ಇದ್ದುದ್ನ ಇಲ್ಲ ಅಂತ ಹೆಂಗ್ಲಾ ಬರೀಲಿ? ಇಪ್ಪತ್ತೆರಡ್ ವರ್ಷ ಬರೆದಿದ್ದೀನಿ.”

“ಅಂಗಾದ್ರೆ ಎಳ್ನೀರೇ ಬರಿ. ಊರ್ಗ್ ಬರೋ ಮೇವ್ನೂ ನೀನೇ ತಿನ್ನು.”

ಇದ್ದದ್ದನ್ನು ಮಳೆಯೆಂದು ಬರೆದರೆ ಹೋಬಳಿಯ ಸೊನ್ನೆಗಳ ಸಾಲು ಮುರಿಯುತ್ತದೆ. ಚೆಲ್ಲಿ ಸೊನ್ನೆ ಬರೆದರೆ ಇಷ್ಟು ವರ್ಷದ ಪುಸ್ತಕವೇ ಸುಳ್ಳಾಗುತ್ತದೆ. ಕೊನೆಗೆ, ದಿನವೂ ತಮ್ಮ ಅಂಕಿ ಹೋಗಿ ಸೇರುವ ಬೆಂಗಳೂರಿನ ಹವಾಮಾನ ಕಚೇರಿಗೆ ಫೋನು ಹಚ್ಚಿದರು. ಎತ್ತಿದವರು ಅಧಿಕಾರಿ ಸುಧಾ.

“ಮೇಡಂ, ಹದಿನಾಲ್ಕು ಪಾಯಿಂಟ್ ಎಂಟು. ಆದ್ರೆ ಮಳೆಯಲ್ಲ.”

“ಮತ್ತೇನು ಸಾರ್?”

“ಎಳನೀರು.”

“ಹೇಗೆ ಗೊತ್ತಾಯ್ತು?”

“ಕುಡಿದು ನೋಡಿದೆ ಮೇಡಂ.”

“ಸದ್ಯ ಮಿಕ್ಕಿದ್ದನ್ನ ಕುಡೀಬೇಡಿ, ಮುಚ್ಚಿಡಿ. ನಾಳೆ ನಾನೇ ಬರ್ತೀನಿ. ಆದ್ರೆ ಸಾರ್, ಹಾಕಿದ್ದು ಯಾರು, ಯಾಕೆ ಅಂತ ಗೊತ್ತಾಗದೇ ಹೋದ್ರೆ ಹಿಂದಿನ ಇಪ್ಪತ್ತು ಸೊನ್ನೆಗಳ ಮೇಲೂ ಅನುಮಾನ ಬರುತ್ತೆ.”

ಸ್ವಾಮಿಗಳು ಸಂಜೆಯವರೆಗೂ ಬೀದಿಬೀದಿ ಅಲೆದು, ಡಬ್ಬಿ ಕೆಡಿಸಿದವರು ಯಾರೆಂದು ಕೇಳಿದರು. ಕೆಡಿಸಿದವರು ಯಾರೂ ಇರಲಿಲ್ಲ. ಪುಟ್ಟಮಲ್ಲಮ್ಮ ಮುದ್ದೆಯ ತಟ್ಟೆ ಮುಂದಿಟ್ಟು, “ಅಲ್ಲಾ ಕಣ್ರೀ, ನಾನು ಮಾಡಿಕೊಟ್ಟ ಕಾಫಿ ಸಿಹಿ ಇದೆಯೋ ಇಲ್ವೋ ಅಂತ ಒಂದಿನ ರುಚಿ ನೋಡಿದವರಲ್ಲ. ಅದನ್ನ ಕುಡಿದ್ರಲ್ಲ!” ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಸುಧಾ ಬಂದರು. ಹಿತ್ತಲ ತುಂಬ ಜನ. ಸುಧಾ ಸೀಸೆ ಮೂಸಿದರು, ಆಲಿಕೆ ನೋಡಿದರು, “ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ ಸಾರ್” ಎಂದರು.

ಸ್ವಾಮಿಗಳು ಒಳಗೆ ಹೋಗಿ, ಹಣೆಯ ವಿಭೂತಿಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು, ಬರಿಗಾಲಲ್ಲಿ ಬಂದರು. ಸುತ್ತು ಹಾಕಿದರು. ತಲೆ ತಗ್ಗಿಸಿ ಬಗ್ಗಿದರು. ಜನರ ನಡುವಿನಿಂದ “ಶಿವಶಿವಾ” ಎಂಬ ದನಿ ಬಂತು. ಎದುರು ಮನೆಯ ಮುದುಕಿ ಚಿಕ್ಕಬೀರಮ್ಮ ಕಣ್ಣು ಮುಚ್ಚಿ, ಎರಡೂ ಕೆನ್ನೆ ತಟ್ಟಿಕೊಂಡು ಕೈಮುಗಿದಿದ್ದರು.

ಸುಧಾ ತಿರುಗಿ ನೋಡಿದರು. “ಅಜ್ಜಿ, ಯಾಕೆ ಕೈ ಮುಗಿದ್ರಿ?”

“ದೇವ್ರಿಗ್ ಕೈ ಮುಗೀದೆ ಇನ್ನೇನ್ ಮಾಡನವ್ವ?”

“ಯಾವ ದೇವರು?”

“ಇದೇ ಕಣವ್ವ, ಡೆಲ್ಲಿ ದೇವ್ರು. ಸ್ವಾಮೇರು ದಿನಾ ಮಡಿಯಾಗಿ ಬಂದು ಸುತ್ತ ಆಕಿ ಬಗ್ತಾರೆ. ಯಾರ್ಗೂ ಒಂದ್ ತೊಟ್ಟು ತೀರ್ತ ಕೊಡಾಕಿಲ್ಲ, ಆ ಮಾತು ಬುಡು. ಮೂರ್ ವಾರದಿಂದ ಅಭಿಸೇಕ ಇಲ್ದೆ ಒಣಗ್ ಕೂತಿತ್ತು, ಮಳೆ ಎಲ್ಲಿಂದ ಬಂದಾತು? ಅದ್ಕೇ ನೆನ್ನೆ ಸ್ವಾಮಾರ ಅಂತ ಬೆಳಕರೀತಲೇ ಒಂದ್ ಎಳ್ನೀರು ಉಯ್ದೆ. ತುಂಬೆ ಊವನೂ ಇಕ್ಕಿವ್ನಿ.”

“ಬೀರವ್ವ! ಊರೆಲ್ಲ ಕೇಳ್ಕೊಂಡು ಬಂದ್ನಲ್ಲ, ಯಾಕ್ ಹೇಳ್ಲಿಲ್ಲ?” ಎಂದು ಸ್ವಾಮಿಗಳು ಕೂಗಿದರು.

“ಡಬ್ಬಿ ಕೆಡ್ಸಿದ್ ಯಾರು ಅಂದ್ರಿ ಸ್ವಾಮೇರೆ. ನಾನ್ ಪೂಜೆ ಮಾಡಿವ್ನಿ, ಕೆಡ್ಸಿಲ್ಲ.”

ಹಿತ್ತಲಿಗೆ ಹಿತ್ತಲೇ ನಕ್ಕಿತು. ಕಾಂತರಾಜು, “ನೀಲಕಂಠ, ಮಂಗಳಾರತಿ ತಟ್ಟೆ ಒಂದ್ ಇಟ್ಬುಡ್ಲಾ” ಎಂದ. ಸ್ವಾಮಿಗಳ ಮುಖ ವಿಭೂತಿಯ ಕೆಳಗೆ ಕೆಂಪಾಯಿತು. ಇಷ್ಟು ವರ್ಷ ತಾವು ಮಾಡಿದ್ದು ಅಳತೆ ಎಂದು ಅವರೊಬ್ಬರಿಗೇ ಗೊತ್ತಿತ್ತು!

ಸುಧಾ ನಗು ತಡೆದುಕೊಂಡು ಮುದುಕಿಯ ಹೇಳಿಕೆ ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿದರು, ಕಾಂತರಾಜುವಿನಿಂದ ಸಾಕ್ಷಿ ಹಾಕಿಸಿದರು. ಸುತ್ತಲ ಮಾಪಕಗಳಲ್ಲೆಲ್ಲ ಸೋಮವಾರ ಸೊನ್ನೆಯೇ ಇತ್ತು. ಸ್ವಾಮಿಗಳು ಪುಸ್ತಕದಲ್ಲಿ ಮಳೆ 0.0 ಎಂದು ಬರೆದು, ಷರಾ ಕಾಲಂನಲ್ಲಿ “ಎಳನೀರು 14.8” ಎಂದು ಸೇರಿಸಿದರು.

“ಚೆಲ್ಲದೆ ಇಟ್ರಲ್ಲ, ಅದು ಒಳ್ಳೇದಾಯ್ತು ಸಾರ್” ಎಂದರು ಸುಧಾ. “ಆದ್ರೆ ನಮ್ಮ ನಿಯಮದಲ್ಲಿ ಸ್ನಾನ, ವಿಭೂತಿ ಎಲ್ಲೂ ಇಲ್ಲ. ಗೇಟು ಇದೆ. ಅದೆಲ್ಲಿ?”

ಎಲ್ಲರ ಕಣ್ಣೂ ಸೋರೆ ಚಪ್ಪರದ ಕಡೆ ಹೊರಳಿತು. ಪುಟ್ಟಮಲ್ಲಮ್ಮ ಬಳ್ಳಿಗೆ ಅಡ್ಡ ನಿಂತು, “ಕಾಯಿ ಇನ್ನೂ ಎಳೇದು ಕಣವ್ವ, ಎಂಟು ದಿನ ಟೈಮ್ ಕೊಡಿ” ಎಂದರು.

ಹೋಬಳಿಯ ಹೆಸರು ಪಟ್ಟಿಗೆ ಸೇರಿತು. ಬೆಳೆ ನೋಡುವ ತಂಡ ಬಂದು ಹೋಯಿತು; ಅದರ ಹಿಂದೆಯೇ ಮೇವು ಬಂತು, ಹುರುಳಿ ಬೀಜ ಬಂತು. ಕಾಂತರಾಜು ತನ್ನ ಹೊಂಡದ ಹೂಳೆತ್ತಿಸುತ್ತಾ ದಂಡೆಯ ಮೇಲೆ ನಿಂತು, ಅಂದು ಚೆಲ್ಲಬೇಡ ಎಂದು ಹೇಳಿದವನು ತಾನೇ ಎಂಬಂತೆ ಮಾತಾಡತೊಡಗಿದ. ಗೇಟು ಬೇಲಿಗೆ ಮರಳಿತು, ಒಂದಿಷ್ಟು ಬಳ್ಳಿಯ ಸಮೇತ.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಮಳೆ ಹಿಡಿದದ್ದು ಬೆಳಗಾಗುವವರೆಗೂ ಬಿಡಲಿಲ್ಲ. ಹೂಳೆತ್ತಿದ ಹೊಂಡಗಳು ತುಂಬಿದವು. ಎಂಟೂವರೆಗೆ ಸ್ವಾಮಿಗಳು ಹೊರಬಂದಾಗ ಗೇಟಿನಾಚೆ ಚಿಕ್ಕಬೀರಮ್ಮ ಸೆರಗು ಹೊದ್ದು ನಿಂತಿದ್ದರು.

“ನಾನ್ ಉಯ್ದಿದ್ದು ಈಗ್ ಮುಟ್ತು ಕಣ್ ಸ್ವಾಮೇರೆ. ಡೆಲ್ಲಿ ದೂರ ಅಲ್ವಾ, ತಡ ಆಯ್ತು.”

ಸ್ವಾಮಿಗಳು ಬಗ್ಗಿ ಅಳೆದರು. 31.4. ಪೆನ್ನಿನ ಮುಚ್ಚಳ ತೆಗೆದವರು ಒಂದು ಗಳಿಗೆ ತಡೆದರು. ಮುದುಕಿಗೆ ಬೆನ್ನು ಮಾಡಿ, ಲೋಟಕ್ಕೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

ಸಪ್ಪೆ. ನೆಮ್ಮದಿಯಾಗಿ ಬರೆದರು.