ಬೇ ಆದ ಮೇಲಿನ ಅಕ್ಷರ

ಶ್ರಾವಣದ ಒಂದು ಶುಕ್ರವಾರ ವಾದಿರಾಜ ತನ್ನ ತಾಯಿಗೆ ಫ್ಯಾನು ಸಣ್ಣದು ಮಾಡಲು ಹೇಳುತ್ತಿದ್ದಾಗ ಅವನ ಕಂಪ್ಯೂಟರು ಕೆಟ್ಟು ನಿಂತಿತು. "ಫ್ಯಾನು ಸಣ್" ಎಂದ ದನಿ ಅಲ್ಲಿಗೇ ಕಡಿಯಿತು, ಪರದೆ ಕಪ್ಪಾಯಿತು. ಅವನನ್ನು ನೋಡಿಕೊಳ್ಳಲು ಗೂಳೂರಿನಿಂದ ಬರುತ್ತಿದ್ದ ರೇವಮ್ಮ, ಕರೆಂಟು ಹೋಯಿತೇನೋ ಎಂದು ತಲೆಯೆತ್ತಿದಳು. ಫ್ಯಾನು ಜೋರಾಗಿ ತಿರುಗುತ್ತಲೇ ಇತ್ತು.

ವಾದಿರಾಜನ ಮಾತೆಲ್ಲ ಆ ಕಂಪ್ಯೂಟರಿನೊಳಗಿತ್ತು. ತುಮಕೂರಿನ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಅವನು ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದ. ನಲವತ್ತು ದಾಟಿದ ಮೇಲೆ, ಬೈಕಿನ ಕ್ಲಚ್ ಹಿಡಿಯಲಾಗದೆ ಒಂದು ದಿನ ರಸ್ತೆಯಲ್ಲೇ ನಿಂತುಬಿಟ್ಟ. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಬುದ್ಧಿಗೆ ಏನೂ ಆಗುವುದಿಲ್ಲ, ಔಷಧಿಯಿಲ್ಲ ಎಂದರು. ನಾಲಿಗೆ ತೊದಲುವ ಮೊದಲೇ ಅವನು ಕನ್ನಡದ ಕಾಗುಣಿತವನ್ನೆಲ್ಲ ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡ. ಬೆರಳು ಆಡುತ್ತಿದ್ದಾಗಲೇ ಒಂದು ಪ್ರೋಗ್ರಾಮ್ ಬರೆದ. ಪರದೆಯ ಮೇಲೆ ಅಕ್ಷರಗಳ ಸಾಲುಗಳಿರುತ್ತಿದ್ದವು, ಒಂದು ಕೆಂಪು ಪಟ್ಟಿ ಅವುಗಳ ಮೇಲೆ ಸರಿಯುತ್ತ ಹೋಗುತ್ತಿತ್ತು. ಬೇಕಾದ ಅಕ್ಷರದ ಮೇಲೆ ಪಟ್ಟಿ ಬಂದಾಗ ಅವನು ಬಲ ಹುಬ್ಬನ್ನು ಎತ್ತಬೇಕು, ಹಣೆಗೆ ಅಂಟಿಸಿದ ಸ್ವಿಚ್ಚು ಒತ್ತಿಕೊಳ್ಳುತ್ತಿತ್ತು. ವಾಕ್ಯ ಮುಗಿದ ಮೇಲೆ ಅವನದೇ ದನಿ ತುಂಡುತುಂಡಾಗಿ ಅದನ್ನು ಓದುತ್ತಿತ್ತು.

ಗುಬ್ಬಿಯ ಪಾಲಿಟೆಕ್ನಿಕ್ಕಿನಿಂದ ಸಂಜೆ ಮನೆಗೆ ಬಂದ ಶ್ರೀವಾಣಿ ಕಂಪ್ಯೂಟರು ಬಿಚ್ಚಿ ನೋಡಿದಳು. ಅವಳು ಅಲ್ಲಿ ಲೆಕ್ಚರರ್, ವಾದಿರಾಜನ ತಂಗಿ. ಮದುವೆ ಮುರಿದು ಬಂದಮೇಲೆ ಕುಣಿಗಲ್ ರಸ್ತೆಯ ಈ ಮನೆಯಲ್ಲಿ ಅಣ್ಣ, ಅಮ್ಮನೊಂದಿಗೇ ಇದ್ದಳು. ಮದರ್‌ಬೋರ್ಡು ಸುಟ್ಟಿತ್ತು, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ತಂದರೆ ಅಣ್ಣನ ಪ್ರೋಗ್ರಾಮ್ ಅದರಲ್ಲಿ ತೆರೆಯಲಿಲ್ಲ. ಪರದೆಯ ಮೇಲೆ ಕಿಟಕಿ ಬಿಡಿಸಿ, ಗುಂಡಿ ಒತ್ತಿದ್ದನ್ನು ತಿಳಿಸುವ ಕೆಲಸಕ್ಕೆ ಅದು ಮೂವತ್ತು ವರ್ಷ ಹಿಂದಿನ ಒಂದು ವಿಂಡೋ ಸಿಸ್ಟಮ್ಮನ್ನು ನಂಬಿಕೊಂಡಿತ್ತು. ಹೇಗೋ ಹೊಂದಿಸಿ ಓಡಿಸಿದಳು. ಎರಡನೇ ದಿನ ಅವನು ಉಸಿರು ಕಟ್ಟುತ್ತಿದೆ ಎಂದು ಹೇಳಹೊರಟಾಗ, ಲ್ಯಾಪ್‌ಟಾಪ್ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂದು ನೀಲಿ ಪರದೆ ತೋರಿಸುತ್ತ ಕೂತಿತು. ರೇವಮ್ಮ ಅವನ ಮುಖ ನೋಡಿ ತಾನೇ ಕಫ ತೆಗೆದಳು.

ಅಪ್‌ಡೇಟ್ ಮುಗಿದ ಮೇಲೆ ಪ್ರೋಗ್ರಾಮ್ ಮತ್ತೆ ಏಳಲಿಲ್ಲ, ಅಂದಿನಿಂದ ಬಾಯಲ್ಲೇ ಅಕ್ಷರ ಹೇಳಿ ಕೇಳುವುದಾಯಿತು. "ಸ್ವರವಾ? ಕ ಸಾಲಾ? ಚ ಸಾಲಾ?" ಎನ್ನುತ್ತ ಹೋದರೆ ಅವನ ಹುಬ್ಬು ಏಳುತ್ತಿತ್ತು. ಹೀಗೇ ಅವನು ತಂಗಿಗೆ ಒಂದು ದಾರಿ ಹೇಳಿದ. ಪ್ರಪಂಚದ ಅಲ್ಲಿ ಇಲ್ಲಿ ಇರುವ ಕೆಲವರು ಸಂಬಳವಿಲ್ಲದೆ ಕಟ್ಟುತ್ತಿದ್ದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಇತ್ತು. ಕಾಯಿಲೆಗೆ ಮೊದಲು ಅವನೂ ಅವರಲ್ಲೊಬ್ಬ. ಕರೆಂಟು ಹೋಗಿ ಬಂದರೂ ತಟ್ಟನೆ ಏಳುತ್ತದೆ, ಕೇಳದೆ ಏನನ್ನೂ ಬದಲಿಸುವುದಿಲ್ಲ. ಹಳೇ ವಿಂಡೋ ಸಿಸ್ಟಮ್ಮನ್ನು ಅದಕ್ಕೆ ಒಗ್ಗಿಸುವ ಕೆಲಸವನ್ನು ಅವನೇ ಶುರು ಮಾಡಿದ್ದ, ಕೈ ಬಿದ್ದುಹೋದಾಗ ನಿಂತಿತ್ತು.

"ನನ್ ಕೈಲಿ ಆಗುತ್ತಾ ಅಣ್ಣ?" ಎಂದಳು ಶ್ರೀವಾಣಿ. "ನಾನು ಪಾಠ ಮಾಡೋಳು. ಇಂಥದ್ದು ಯಾವತ್ತೂ ಮಾಡಿಲ್ಲ."

ಅವನು ಎರಡು ಅಕ್ಷರ ಹೇಳಿದ. ಮಾ, ಡು.

ಆ ವಾರವೇ ಡಾಕ್ಟರ್ ಹನುಮಂತರಾಜು ಮನೆಗೆ ಬಂದರು. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಉಸಿರು ಕಮ್ಮಿ ಆಗ್ತಿದೆ. ಮುಂದೆ ಗಂಟಲಲ್ಲಿ ರಂಧ್ರ ಮಾಡಿ ಯಂತ್ರ ಜೋಡಿಸ್ಬೇಕಾಗುತ್ತೆ. ಒಂದ್ಸಲ ಜೋಡಿಸಿದ್ರೆ ಆಮೇಲೆ ಅದರಲ್ಲೇ ಇರ್ಬೇಕು. ಬೇಕೋ ಬೇಡ್ವೋ ಅವರನ್ನೇ ಕೇಳಿ," ಎಂದರು.

ತಾಯಿ ಶಾರದಮ್ಮ ಮಂಚದ ಅಂಚಿಗೆ ಕೂತು ಸಾಲುಗಳನ್ನು ಹೇಳತೊಡಗಿದರು. ಪ ಸಾಲಿಗೆ ಹುಬ್ಬು ಎದ್ದಿತು. "ಪ, ಫ, ಬ" ಎಂದಾಗ ಮತ್ತೆ ಎದ್ದಿತು. "ಬ, ಬಾ, ಬಿ, ಬೀ" ಎನ್ನುತ್ತ ಹೋಗಿ ಬೇ ಬಂದಾಗ ಇನ್ನೊಮ್ಮೆ.

"ಬೇಕು ಅಂತಾನೆ ಡಾಕ್ಟ್ರೇ," ಎಂದು ಶಾರದಮ್ಮ ಎದ್ದೇಬಿಟ್ಟರು. "ನನಗ್ಗೊತ್ತಿತ್ತು." ಸೆರಗಿನಿಂದ ಕಣ್ಣು ಒರೆಸಿಕೊಂಡು ಕಾಫಿ ತರಲು ಒಳಗೆ ಹೋದರು.

ವಾದಿರಾಜನ ಹುಬ್ಬು ಏಳುತ್ತ ಬೀಳುತ್ತ ಇತ್ತು. ಮುಂದಿನ ಅಕ್ಷರವನ್ನು ಯಾರೂ ಕೇಳಲಿಲ್ಲ. ಡಾಕ್ಟರು ಶ್ರೀವಾಣಿಯ ಕಡೆ ನೋಡಿದರು. "ಆತುರ ಇಲ್ಲ. ಸಮಾಧಾನವಾಗಿ ಪೂರ್ತಿ ಕೇಳಿ," ಎಂದಷ್ಟೇ ಹೇಳಿ ಹೊರಟರು.

ಅವಳು ಕೇಳಬಹುದಿತ್ತು. ಮಂಚದ ಪಕ್ಕ ಕೂತು ಬೇ ಆದ ಮೇಲೆ ಯಾವ ಅಕ್ಷರ ಎಂದರೆ ಒಂದು ನಿಮಿಷದ ಕೆಲಸ. ಕೇಳಲಿಲ್ಲ. ಲ್ಯಾಪ್‌ಟಾಪ್ ತಂದು ಅವನ ಕಣ್ಣೆದುರು ಇಟ್ಟುಕೊಂಡು ಕೆಲಸಕ್ಕೆ ಕೂತಳು.

ಕಾಲೇಜಿಗೆ ರಜೆ ಹಾಕಿದಳು. ಹಳೇ ವಿಂಡೋ ಸಿಸ್ಟಮ್ಮಿಗೆ ತನ್ನದೇ ಆದ ರೀತಿನೀತಿ. ಗೆರೆ ಎಳೆ, ಬಣ್ಣ ತುಂಬು ಎಂದು ಅದು ಕೇಳುವುದು ಒಂದು ಬಗೆ, ಆ ಪುಟ್ಟ ಆಪರೇಟಿಂಗ್ ಸಿಸ್ಟಮ್ಮು ಕೊಡುವುದು ಇನ್ನೊಂದು ಬಗೆ. ಎರಡರ ನಡುವೆ ಕೂತು ಒಂದೊಂದೇ ಮಾತನ್ನು ಬದಲಿಸಿ ಬರೆಯಬೇಕು. ಮೊದಲಿಗೆ ಬರೀ ತಪ್ಪುಗಳು ಬಂದವು, ಆಮೇಲೆ ಬರೀ ಕಪ್ಪು ಕಿಟಕಿ. ದೀಪಾವಳಿ ಹೊತ್ತಿಗೆ ಕಿಟಕಿಯಲ್ಲಿ ಅಕ್ಷರದ ಸಾಲು ಕಂಡಿತು, ಆದರೆ ಕೆಂಪು ಪಟ್ಟಿ ನೀಲಿಯಾಗಿತ್ತು, ಒತ್ತಕ್ಷರಗಳು ಬೇರೆಯಾಗಿ ಪಕ್ಕಕ್ಕೆ ಬಿದ್ದಿದ್ದವು. ಯಾಕೆಂದು ತಿಳಿಯದೆ ಕೂತಿದ್ದಾಗ ರೇವಮ್ಮ, "ಅಕ್ಕಾರೆ, ಅಯ್ನೋರು ಏನೋ ಯೋಳ್ಬೇಕು ಅಂತವ್ರೆ, ಹುಬ್ಬು ನೋಡಿ," ಎಂದಳು. ಅಕ್ಷರ ಕೇಳಿದರೆ ಅವನು "ತಿರುಗಿಸು" ಎಂದ. ಬಣ್ಣದ ಅಂಕಿಗಳು ಹಿಂದುಮುಂದಾಗಿ ಬರುತ್ತಿದ್ದವು.

ಅಷ್ಟು ತಿಂಗಳಲ್ಲಿ ಅವನು ಕೆಲಸದ ಮಾತೊಂದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಡಾಕ್ಟರು ಕೇಳಿದ್ದನ್ನು ಎತ್ತಲಿಲ್ಲ. ಅವಳಿಗೆ ಅದರಿಂದ ಸಮಾಧಾನವೇ ಆಯಿತು, ಆ ಸಮಾಧಾನದಿಂದ ನಾಚಿಕೆಯೂ ಆಯಿತು. ಅತ್ತ ಅವನ ಹುಬ್ಬಿನ ಬಲ ಇಳಿಯುತ್ತಿತ್ತು. ಒಂದು ಪದಕ್ಕೆ ಎರಡು ಸಲ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲ ಸರಿಯಾಯಿತು. ಪಟ್ಟಿ ಕೆಂಪಗಿತ್ತು, ಒತ್ತುಗಳು ತಮ್ಮ ಜಾಗದಲ್ಲಿದ್ದವು. ಶ್ರೀವಾಣಿ ಅವನ ಹಣೆಗೆ ಸ್ವಿಚ್ಚು ಅಂಟಿಸಿದಳು. ಪೂಜೆ ಮುಗಿಸಿದ ಶಾರದಮ್ಮ ಕುಂಕುಮದ ಬಟ್ಟಲು ಹಿಡಿದೇ ಬಂದು ನಿಂತರು. ಪಟ್ಟಿ ಸರಿಯಿತು, ನಿಂತಿತು, ಸರಿಯಿತು. ತುಂಬ ಹೊತ್ತು ಹಿಡಿಯಿತು. ಕೊನೆಗೆ ಮಾತು ಬಂತು, ಕಾಯಿಲೆಗೆ ಮೊದಲಿನ ಗಟ್ಟಿ ದನಿಯಲ್ಲಿ.

"ಅಮ್ಮ. ಗಂಟಲಿಗೆ ಯಂತ್ರ ಬೇಡ."

ಶಾರದಮ್ಮ ಮಗನನ್ನು ನೋಡಲಿಲ್ಲ, ಮಗಳನ್ನು ನೋಡಿದರು. "ಏನೋ ತಪ್ಪಾಗಿ ಬಂತು ಕಣೇ. ಸರಿ ಮಾಡು ಅದನ್ನ."

"ತಪ್ಪಾಗಿಲ್ಲ ಅಮ್ಮ."

"ಅವತ್ತು ಬೇಕು ಅಂದಿದ್ದ."

ಪಟ್ಟಿ ಮತ್ತೆ ಸರಿಯತೊಡಗಿತು. ಇಬ್ಬರೂ ಕಾದರು. ಬೇ ಎಂಬ ಅಕ್ಷರ ಮೂಡಿತು, ಆಮೇಲೆ ಡ. ಶಾರದಮ್ಮ ಕುಂಕುಮದ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಅವತ್ತು ಮನೆಯಲ್ಲಿ ಒಲೆ ಹೊತ್ತಲಿಲ್ಲ. ರೇವಮ್ಮ ತನ್ನ ಬುತ್ತಿಯ ಮುದ್ದೆಯನ್ನೇ ಮುರಿದು ಶ್ರೀವಾಣಿಗೆ ಕೊಟ್ಟಳು.

ಮಧ್ಯಾಹ್ನ ಅಣ್ಣ ತಂಗಿ ಇಬ್ಬರೇ ಇದ್ದಾಗ ಅವಳು ಕೇಳಿದಳು. "ಇಷ್ಟು ದಿನ ಎದುರಿಗೇ ಕೂತಿದ್ನಲ್ಲ ಅಣ್ಣ. ನನ್ ಹತ್ರ ಯಾಕ್ ಹೇಳ್ಲಿಲ್ಲ?"

ಅವನು ಬಹಳ ಸುಸ್ತಾಗಿದ್ದ. ಆದರೂ ಪೂರ್ತಿ ಹೇಳಿದ. "ನಿನ್ನ ಬಾಯಲ್ಲಿ ಬಂದಿದ್ರೆ ಅಮ್ಮ ನಿನ್ನ ಮಾತು ಅಂತಿದ್ಳು."

ಡಾಕ್ಟರ್ ಹನುಮಂತರಾಜು ಬಂದು ಅವನ ದನಿಯಲ್ಲೇ ಇನ್ನೊಮ್ಮೆ ಕೇಳಿಸಿಕೊಂಡರು. ಸಂಕಟವಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅವನಿಗೇ ಹೇಳಿದರು, ಹೇಳಿದ ಹಾಗೆ ನೋಡಿಕೊಂಡರು. ಉಳಿದ ದಿನಗಳಲ್ಲಿ ಅವನು ಸಣ್ಣಪುಟ್ಟದ್ದನ್ನೇ ಮಾತಾಡಿದ. ದಿಂಬು ಮೇಲೆ ಮಾಡು, ರೇವಮ್ಮನ ಮಗಳ ಪರೀಕ್ಷೆ ಏನಾಯಿತು, ತಾನಿಲ್ಲವಾದರೂ ಆ ಕೆಲಸವನ್ನು ಸಿಸ್ಟಮ್ ಕಟ್ಟುವ ಗೆಳೆಯರಿಗೆ ಕಳಿಸು. ಒಮ್ಮೆ ಅಮ್ಮನನ್ನು ಕರೆಸಿ ಹತ್ತಿರ ಕೂರಲು ಹೇಳಿದ. ಅವರು ಕೂತರು, ಅವನ ಕಾಲು ಒತ್ತಿದರು. ಶಿವರಾತ್ರಿಗೆ ಮುಂಚಿನ ಒಂದು ಮಧ್ಯಾಹ್ನ, ರೇವಮ್ಮ ಬಟ್ಟೆ ಒಣಹಾಕಲು ಹೋಗಿದ್ದಾಗ, ಉಸಿರು ನಿಂತಿತು. ಕೆಂಪು ಪಟ್ಟಿ ಅಕ್ಷರಗಳ ಮೇಲೆ ಓಡಾಡುತ್ತಲೇ ಇತ್ತು. ಶ್ರೀವಾಣಿಗೆ ಅದನ್ನು ಆರಿಸಲು ಕೈ ಬರಲಿಲ್ಲ. ಆರಿಸಿದ್ದು ರೇವಮ್ಮ.

ವೈಕುಂಠ ಸಮಾರಾಧನೆ ಮುಗಿದ ದಿನ, ಕುಣಿಗಲ್ಲಿನಿಂದ ಬಂದಿದ್ದ ನೆಂಟರು ಹೊರಟ ಮೇಲೆ, ಶಾರದಮ್ಮ ಎಲೆಗಳನ್ನು ಮಡಿಚುತ್ತ ಹೇಳಿದರು. "ನೀನು ಅದನ್ನ ಮಾಡದೇ ಇದ್ದಿದ್ರೆ ಅವನು ಇರ್ತಿದ್ದ."

ಶ್ರೀವಾಣಿ ಉಳಿದ ಎಲೆಗಳನ್ನು ಎತ್ತಿದಳು. ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಇರುತ್ತಿದ್ದ, ಗಂಟಲಿಗೆ ನಳಿಗೆ ಸಿಕ್ಕಿಸಿಕೊಂಡು, ಯಾರೂ ಕೇಳದ ಅಕ್ಷರಕ್ಕೆ ಹುಬ್ಬು ಎತ್ತುತ್ತ. ಹುಬ್ಬೂ ನಿಂತ ಮೇಲೆ ಅದೂ ಇಲ್ಲ. ಅದನ್ನು ಅಮ್ಮನಿಗೆ ಹೇಳುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

ಅಣ್ಣನ ಹೆಸರು ಹಾಕಿ ಎಲ್ಲವನ್ನೂ ಆ ಗುಂಪಿಗೆ ಕಳಿಸಿದಳು. ಮತ್ತೆ ಗುಬ್ಬಿ ಬಸ್ಸು ಹತ್ತತೊಡಗಿದಳು. ಯುಗಾದಿ ಕಳೆದ ಮೇಲೆ ಯಾರೋ ಗುರುತಿಲ್ಲದವನು ಬರೆದ, ಈ ಕೆಲಸದಿಂದಾಗಿ ಹಳೇ ಚೆಸ್ ಆಟವೊಂದೂ ಈಗ ಆ ಸಿಸ್ಟಮ್ಮಿನಲ್ಲಿ ಆಡಲು ಬರುತ್ತಿದೆ, ಆದರೆ ಕಿಟಕಿ ಎಳೆದಾಗ ಹಿಂದೆ ಗೆರೆ ಉಳಿಯುತ್ತದೆ, ವಾದಿರಾಜ ನೋಡಬಹುದೇ ಎಂದು. ಅವನಿಲ್ಲ, ನಾನು ನೋಡುತ್ತೇನೆ ಎಂದು ಅವಳು ಬರೆದಳು. ಅವಳು ಲ್ಯಾಪ್‌ಟಾಪ್ ತೆರೆದು ಕೂತದ್ದನ್ನು ಕಂಡು, ಬಾಗಿಲವರೆಗೆ ಬಂದಿದ್ದ ಶಾರದಮ್ಮ ಕಾಫಿ ಲೋಟವನ್ನು ಹೊಸಿಲ ಒಳಗಿಟ್ಟು ಹಾಗೇ ತಿರುಗಿ ಹೋದರು.